ಅಡುಗೆಯವರಿಗೆ ಕಾಣದ ಪುಟ

ಗಂಡನ ಹೊಡೆತ ತಾಳಲಾರದೆ ಮಕ್ಕಳನ್ನು ಕರೆದುಕೊಂಡು ಹೊರಬಿದ್ದ ಹೆಂಗಸರಿಗಾಗಿ ಇಂಗರ್ಲಿಸೆ ಓಡೆನ್ಸೆ ನಗರದಲ್ಲಿ ಐದು ಮನೆಗಳನ್ನು ನಡೆಸುತ್ತಿದ್ದಳು. ಆ ಮನೆಗಳು ಎಲ್ಲಿವೆ ಎಂಬುದು ಹೊರಗಿನವರಿಗೆ ತಿಳಿಯಬಾರದು. ಯಾರು ಯಾವ ಮನೆಯಲ್ಲಿದ್ದಾರೆ, ಅವರಿಗೆ ಏನು ಬೇಕು ಎಂದು ಬರೆದಿಡಲು ಅವಳು ಸಂಜೆ ತರಗತಿಯಲ್ಲಿ ಕಲಿತು ತಾನೇ ಒಂದು ವೆಬ್‌ಸೈಟ್ ಮಾಡಿದ್ದಳು. ಅದರ ಮೇಲೆ ಅವಳಿಗೆ ಹೆತ್ತ ಕೂಸಿನಷ್ಟೇ ಮಮತೆ. ಸೇವೆಗೆ ಬರುವ ಹದಿನಾಲ್ಕು ಜನರಿಗೂ ಒಂದೇ ಪಾಸ್‌ವರ್ಡ್. ಅದನ್ನು ಚೀಟಿಯಲ್ಲಿ ಬರೆದು ಅಡುಗೆಮನೆಯ ಫ್ರಿಜ್ಜಿಗೆ ಅಂಟಿಸಿದ್ದಳು.

ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಿಂದ ನಿವೃತ್ತನಾದ ಆಸ್ಗರ್ ಊಟ ಸಾಗಿಸುವ ಕೆಲಸಕ್ಕೆಂದು ಬಂದವನು. ಮೊದಲ ದಿನವೇ ಆ ಚೀಟಿ ಕಂಡು ಕಾಫಿ ಕೆಳಗಿಟ್ಟ.

"ಏನಮ್ಮ ಇದು? ಬೀಗ ಹಾಕಿ ಕೀಲಿಕೈ ಬಾಗಿಲಿಗೇ ನೇತುಹಾಕಿದೀಯಲ್ಲ!"

"ಇಲ್ಲಿ ಕಳ್ಳರು ಯಾರೂ ಇಲ್ಲ. ಎಲ್ಲರೂ ನಂಬಿಕಸ್ತರು" ಎಂದಳು ಅವಳು, ಮುಖ ಗಂಟಿಕ್ಕಿ.

"ಇರಲಿ, ಯಾರು ಬೇಡ ಅಂದ್ರು? ಆದ್ರೆ ಗುನ್‌ಹಿಲ್ ಅಡುಗೆ ಮಾಡೋಳು. ಎಷ್ಟು ಜನಕ್ಕೆ ಊಟ, ಯಾರಿಗೆ ಏನು ಒಗ್ಗಲ್ಲ, ಅಷ್ಟು ಗೊತ್ತಾದ್ರೆ ಸಾಲ್ದಾ? ಹೆಸರು, ವಿಳಾಸ ಕಟ್ಕೊಂಡು ಸಾರು ಕುದಿಸ್ತಾಳಾ?"

ನಗು ಬಂದರೂ ಇಂಗರ್ಲಿಸೆ ನಗಲಿಲ್ಲ. ಎರಡು ವಾರ ಅವನೊಡನೆ ಮಾತೂ ಕಡಿಮೆ. ಕೊನೆಗೆ ಅವಳೇ ಕುರ್ಚಿ ಎಳೆದು ಅವನ ಪಕ್ಕ ಕುಳಿತಳು.

ಆಸ್ಗರ್ ಒಬ್ಬೊಬ್ಬರಿಗೂ ಬೇರೆ ಬೇರೆ ಪಾಸ್‌ವರ್ಡ್ ಮಾಡಿಸಿದ. ಮೊದಲು ಯಾರಿಗೂ ಏನೂ ಕಾಣದಂತೆ ಮುಚ್ಚಿ, ಆಮೇಲೆ ಅವರವರ ಕೆಲಸಕ್ಕೆ ಬೇಕಾದ ಪುಟಗಳನ್ನಷ್ಟೇ ತೆರೆದ. ಇಂಗರ್ಲಿಸೆ ಮನೆಗಳ ಪಟ್ಟಿಯ ಗುಂಡಿಯನ್ನು ಅಡುಗೆಯವರ ಪರದೆಯಿಂದ ಮರೆಮಾಡಿ, "ಆಯ್ತಲ್ಲ?" ಎಂದಾಗ ಅವನು ಇಲ್ಲವೆಂದು ತಲೆಯಾಡಿಸಿದ. "ಪುಟದ ವಿಳಾಸ ಟೈಪ್ ಮಾಡಿದ್ರೆ ಈಗ್ಲೂ ತೆರೆಯುತ್ತೆ ನೋಡು. ಬಾಗಿಲಿಗೆ ಪರದೆ ಕಟ್ಟಿದ್ರೆ ಬೀಗ ಹಾಕಿದ ಹಾಗಾಗಲ್ಲ." ಅಂದಿನಿಂದ ಯಾವ ಪುಟ ಕೇಳಿದರೂ, ಕೇಳಿದವರಿಗೆ ಅದರ ಹಕ್ಕಿದೆಯೇ ಎಂದು ವೆಬ್‌ಸೈಟ್ ನಡೆಸುವ ಸರ್ವರ್ ಯಂತ್ರವೇ ಪ್ರತಿಸಲ ನೋಡತೊಡಗಿತು.

ಮಾರ್ಚಿನಲ್ಲಿ ಡೋರ್ತೆ ಎಂಬವಳು ಮೂರು ವರ್ಷದ ಮಗಳೊಡನೆ ಬಂದಳು. ಅವಳು ಬಂದ ಮೇಲಿನ ನಾಲ್ಕನೆಯ ಭಾನುವಾರ ಮಧ್ಯಾಹ್ನ, ಸರ್ವರಿನ ದಾಖಲೆ ನೋಡುತ್ತಿದ್ದ ಆಸ್ಗರ್ ಇಂಗರ್ಲಿಸೆಗೆ ಫೋನ್ ಮಾಡಿದ. "ಗುನ್‌ಹಿಲ್ ಹೆಸರಲ್ಲಿ ಯಾರೋ ಮನೆಗಳ ಪಟ್ಟಿ ತೆರೆಯೋಕೆ ಒಂಬತ್ತು ಸಲ ನೋಡಿದಾರೆ. ಒಂದು ಸಲವೂ ತೆರೆದಿಲ್ಲ."

ಇಂಗರ್ಲಿಸೆ ಕೂಡಲೇ ಗುನ್‌ಹಿಲ್‌ಳ ಮನೆಗೆ ಫೋನ್ ಹಚ್ಚಿದಳು.

"ನಾನ್ಯಾಕೆ ನೋಡ್ಲಿ? ಆಗ ಆಲೂಗಡ್ಡೆ ಸುಲೀತಿದ್ದೆ" ಎಂದಳು ಗುನ್‌ಹಿಲ್. ಆಮೇಲೆ ಅವಳ ದನಿ ಇಳಿಯಿತು. "ಮಗನ ಜೊತೆ ಹ್ಯಾಂಡ್‌ಬಾಲ್ ಆಡೋ ಟೊರ್ಬೆನ್ ಊಟಕ್ಕೆ ಬಂದಿದ್ದ. ನಾನು ನಿಮ್ಮಲ್ಲಿ ಅಡುಗೆ ಮಾಡೋದು ಅವನಿಗೆ ಗೊತ್ತಿತ್ತು. ಅವನ ಫೋನ್ ಸತ್ತಿದೆ ಅಂತ ನನ್ನದು ಕೇಳಿದ. ಕೊಟ್ಟೆ."

ಟೊರ್ಬೆನ್ ಎಂದರೆ ಡೋರ್ತೆಯ ಗಂಡ. ಅದು ಇಂಗರ್ಲಿಸೆಗೆ ಗೊತ್ತಿತ್ತು. ಡೋರ್ತೆ ಅಲ್ಲಿರುವ ಸುದ್ದಿಯೇ ಇಲ್ಲದ ಗುನ್‌ಹಿಲ್‌ಗೆ ಗೊತ್ತಿರಲಿಲ್ಲ. ಅವಳ ಹೆಸರಲ್ಲಿ ಲಾಗಿನ್ ಆಗಿಯೇ ಇದ್ದ ಆ ಫೋನಿನಲ್ಲಿ ಅವನಿಗೆ ಕಂಡದ್ದು ಒಂದೇ ಸಾಲು: ಬುಧವಾರ ಹನ್ನೊಂದು ಊಟ, ಒಬ್ಬರಿಗೆ ಮೀನು ಬೇಡ.

ಆಸ್ಗರ್ ಕೂಡಲೇ ಆ ಫೋನಿನ ಲಾಗಿನ್ ಕಡಿದ. ಪೊಲೀಸರಿಗೆ ತಿಳಿಸಿದರು, ಒಂಬತ್ತು ಪ್ರಯತ್ನಗಳ ದಾಖಲೆ ಸಿಕ್ಕಿದ್ದರಿಂದ ಟೊರ್ಬೆನ್ ಮೇಲೆ ಕ್ರಮವಾಯಿತು. ಮರುದಿನ ಅಡುಗೆಮನೆಗೆ ಬಂದ ಗುನ್‌ಹಿಲ್ ಅಳುತ್ತಲೇ ಆಸ್ಗರ್‌ನ ಕೈ ಹಿಡಿದುಕೊಂಡಳು. "ಅಡುಗೆಯವಳನ್ನ ನಂಬಲ್ವಾ ಅಂತ ನಿನ್ನ ಬೈಕೊಂಡಿದ್ದೆ ಕಣಪ್ಪ. ಆ ಪಟ್ಟಿ ನನಗೆ ತೆರೆಯೋ ಹಾಗಿದ್ದಿದ್ರೆ ನನ್ನ ಫೋನಿಂದಲೇ ಯಾರಿಗೋ ಕೇಡಾಗ್ತಿತ್ತು. ನನ್ನನ್ನ ಉಳಿಸಿದೆ ನೀನು."

ಡೋರ್ತೆಗೆ ಎಲ್ಲವನ್ನೂ ಹೇಳಿದಾಗ ಅವಳು ಮಗಳ ತಲೆ ಸವರಿದಳು. ಬೀಗ ಹಾಕಿದವರನ್ನು ಕಂಡು ಕೃತಜ್ಞತೆ ಹೇಳಬೇಕು ಎಂದಳು. ಇಂಗರ್ಲಿಸೆ ಅದನ್ನು ಆಸ್ಗರ್‌ಗೆ ಮುಟ್ಟಿಸಿದಳು.

"ಬೇಡ" ಎಂದ ಅವನು. "ನನ್ನ ಹೆಸರಿಗೂ ಆ ಪುಟ ತೆರೆಯಲ್ಲ. ಊಟ ಬಾಗಿಲಲ್ಲಿಟ್ಟು ಬರೋನು ನಾನು, ಅವರು ಯಾರು, ಯಾವ ಮನೇಲಿದಾರೆ ಅಂತ ನನಗೂ ಗೊತ್ತಾಗೋದು ಬೇಡ. ಚೆನ್ನಾಗಿದಾರಾ, ಅಷ್ಟು ಹೇಳು."

"ಚೆನ್ನಾಗಿದಾರೆ" ಎಂದಳು ಇಂಗರ್ಲಿಸೆ. ಅವಳ ಕಣ್ಣು ತುಂಬಿ ಬಂತು. "ನಿನಗೆ ಎರಡು ವಾರ ಮುಖ ತಿರುಗಿಸಿದ್ದೆ. ಕ್ಷಮಿಸಪ್ಪ. ದೊಡ್ಡ ಉಪಕಾರ ಮಾಡಿದೆ."

ಆಸ್ಗರ್‌ಗೆ ನಾಚಿಕೆಯಾಗಿ ಕಿವಿ ಕೆಂಪಾಯಿತು. ಬಿಸಿ ಊಟದ ಡಬ್ಬಗಳನ್ನು ಎತ್ತಿಕೊಂಡು ಗಾಡಿಯ ಕಡೆಗೆ ನಡೆದ. ಇಂಗರ್ಲಿಸೆ ಅವನಿಗಾಗಿ ಬಾಗಿಲು ಹಿಡಿದು ನಿಂತಳು.