ಟೈಪಿಂಗ್ ಶ್ಯಾಮಲಮ್ಮನವರ ಮೊದಲ ಪ್ರಶ್ನೆ

ನೋಯಿಸಿದವನ ಮುಖ ಆಗ ಹೇಗಿತ್ತೆಂದು ಕೇಳಿ ತಿಳಿಯದೆ ಶ್ಯಾಮಲಮ್ಮನವರು ಯಾವ ಹೆಂಗಸಿನ ಅರ್ಜಿಯನ್ನೂ ಟೈಪ್ ಮಾಡಿದವರಲ್ಲ. ಶಿಡ್ಲಘಟ್ಟದ ಕೋರ್ಟಿನ ಎದುರು, ಜೆರಾಕ್ಸ್ ಅಂಗಡಿಗೆ ಅಂಟಿದ ಕಿರುಕೋಣೆಯಲ್ಲಿ, ಬೇಸಿಗೆಯಲ್ಲೂ ಸೀರೆಯ ಮೇಲೆ ದಿವಂಗತ ಪತಿಯ ಕಂದು ಕೋಟು ತೊಟ್ಟು, ಅದರ ತೋಳು ಮಡಿಸಿಕೊಂಡು ಕೂರುವ ಈ ಅರವತ್ತೆರಡರ ಹೆಂಗಸು, ಕನ್ನಡ ತೆಲುಗು ಬೆರೆತ ನಮ್ಮ ಸೀಮೆಯ ಸಂಕಟವನ್ನೆಲ್ಲ ಇಂಗ್ಲಿಷಿಗೆ ತರುತ್ತಾರೆ. ನಡಿಗೆ ಬಸ್ಸು ಹಿಡಿಯಹೊರಟವರದು. ಕೂತರೋ, ಅವಸರವೆಂಬುದೇ ಗೊತ್ತಿಲ್ಲ. ಎದುರಿನವರು ಟೀ ಕುಡಿದು ಮುಗಿಸುವ ತನಕ ಅವರ ಬೆರಳು ಕೀಬೋರ್ಡಿಗೆ ತಾಗದು.

ನಮ್ಮಂಥ ವಕೀಲರಿಗೆ ಕ್ರೂಯೆಲ್, ಬ್ರೂಟಲ್, ರೂತ್‌ಲೆಸ್ ಎಲ್ಲವೂ ಒಂದೇ. ಮೂರನ್ನೂ ಒಟ್ಟಿಗೆ ಸುರಿದರೆ ಅರ್ಜಿಗೆ ಒಳ್ಳೆಯ ಒಗ್ಗರಣೆ ಬಿತ್ತೆಂದು ಬೀಗುವವರು ನಾವು. ನಾಲ್ಕು ವರ್ಷದ ಹಿಂದೆ, ಹೊಸ ಕರಿಕೋಟಿನ ಗತ್ತಿನಲ್ಲಿದ್ದ ನಾನು, ರೇಷ್ಮೆ ನೂಲು ತೆಗೆಯುವ ಮುನಿಲಕ್ಷ್ಮಿ ಎಂಬಾಕೆಯನ್ನು ಅವರಲ್ಲಿಗೆ ಕರೆದೊಯ್ದೆ. ಆಕೆಗೆ ಗಂಡನಿಂದ ಬಿಡುಗಡೆ ಬೇಕಿತ್ತು. ಯಾವುದೋ ಹಳೆಯ ಅರ್ಜಿಯಲ್ಲಿ ಹೆಸರು ಬದಲಿಸಿ, 'ಬ್ರೂಟಲ್ ಆಗಿ ಥಳಿಸಿದ' ಎಂಬ ಸಾಲನ್ನು ಹಾಗೆಯೇ ಉಳಿಸಿಕೊಂಡು ಹೋಗಿದ್ದೆ.

"ಹೊಡೆದಾಗ ಅವನ ಮುಖ ಹೆಂಗಿತ್ತಮ್ಮ?" ಎಂದರು ಶ್ಯಾಮಲಮ್ಮ.

ಮುನಿಲಕ್ಷ್ಮಿ ಒಮ್ಮೆ ನನ್ನತ್ತ ನೋಡಿದಳು. "ಹೊಡೆದಿಲ್ಲಮ್ಮ. ಗೂಡು ಬೇಯೋ ನೀರು ಕೈಮೇಲೆ ಬಿತ್ತು, ಕಿರುಚ್ಕೊಂಡೆ. ಊಟಕ್ಕೆ ಕೂತಿದ್ದ. ನನ್ ಕೈ ನೋಡ್ದ. ಸಾರು ಬಿಡು ಅಂದ."

"ಬಿಟ್ಯಾ?"

"ಎಡಗೈಲಿ ಬಿಟ್ಟೆ."

"ಮುಖ?"

"ದಿನಾ ಇರೋ ಹಂಗೇ ಇತ್ತು."

ಶ್ಯಾಮಲಮ್ಮ ಕನ್ನಡಕ ತೆಗೆದು ಕುರ್ಚಿಯನ್ನು ನನ್ನತ್ತ ತಿರುಗಿಸಿದರು. "ಬ್ರೂಟಲ್ ಅನ್ನಕ್ಕೆ ಕೈ ಎತ್ತಿರಬೇಕು ಕಣಪ್ಪ. ಕ್ರೂಯೆಲ್ ಅಂದ್ರೆ ನೋಯ್ಲಿ ಅಂತಾನೇ ಮಾಡಿರಬೇಕು. ರೂತ್‌ಲೆಸ್ ಆದೋನಿಗೆ ಏನೋ ಬೇಕಾಗಿರ್ತದೆ, ಸಿಗೋಗಂಟ ಬಿಡಲ್ಲ. ಇವನು ಕ್ಯಾಲಸ್. ಕಣ್ಣಿಗೆ ಕಂಡ್ರೂ ಒಳಕ್ಕೆ ತಾಗದೋನು."

"ಹೊಡೆದ ಅಂದ್ರೆ ಕೇಸು ಗಟ್ಟಿಯಾಗ್ತದಲ್ಲಮ್ಮ."

"ಕಟಕಟೆ ಹತ್ತೋಳು ಅವಳಪ್ಪ, ನೀನಲ್ಲ."

ಊಟ, ಸಾರು, ಎಡಗೈ ಎಲ್ಲವೂ ಅರ್ಜಿಯೊಳಗೆ ಬಂದವು. ಇದರಿಂದ ಕೇಸು ಬಿದ್ದೇ ಹೋಗುತ್ತದೆಂದು ಹೆದರುತ್ತಲೇ ನಾನು ಸಹಿ ಹಾಕಿದೆ.

ವಿಚಾರಣೆಯ ದಿನ ಎದುರು ವಕೀಲರು ಗಂಟಲು ಸರಿಪಡಿಸಿಕೊಂಡು, ಗಂಡ ಒಂದೇಟಾದರೂ ಹೊಡೆದಿದ್ದಾನೆಯೇ ಎಂದು ಕೇಳಿದರು. ನನ್ನ ಹಳೆಯ ಸಾಲು ಅಲ್ಲಿದ್ದಿದ್ದರೆ ಆಕೆಯ ಕಥೆ ಅಂದೇ ಮುಗಿಯುತ್ತಿತ್ತು.

"ಇಲ್ಲ ಸ್ವಾಮಿ," ಎಂದಳು ಮುನಿಲಕ್ಷ್ಮಿ. "ಅರ್ಜೀಲೂ ಹಂಗೇ ಬರೆದೈತಲ್ಲ." ಸುಟ್ಟು ಸುಕ್ಕಾದ ಬಲಗೈಯನ್ನು ಕಟಕಟೆಯ ಮೇಲಿಟ್ಟಳು. ಎದುರು ವಕೀಲರು ಬರೆದು ತಂದಿದ್ದ ಮುಂದಿನ ಪ್ರಶ್ನೆಗಳಿಗೆ ಜಾಗವೇ ಇರಲಿಲ್ಲ.

ಬಿಡುಗಡೆಯ ತೀರ್ಪು ಬಂದ ದಿನ ಆಕೆ ನೇರವಾಗಿ ಆ ಕಿರುಕೋಣೆಗೆ ಹೋದಳು. ನಾನು ಹಿಂದೆ ನಿಂತಿದ್ದೆ. "ಆಗಿದ್ದಷ್ಟೇ ಸಾಕಾಯ್ತಲ್ಲಮ್ಮ," ಎಂದು ಅತ್ತಳು. ಶ್ಯಾಮಲಮ್ಮ ಕೋಟಿನ ತೋಳು ಮಡಿಸುತ್ತ ಟೀ ಹೇಳಿದರು.

ಕಂಡವರ ನೋವನ್ನು ಗುಲಗಂಜಿಯಷ್ಟೂ ಏರಿಸದೆ ಇಳಿಸದೆ ಬರೆದುಕೊಡುವ ಇಂಥವರು ಪ್ರತಿ ಊರಿನ ಕಚೇರಿಯ ಎದುರೂ ಒಬ್ಬರಾದರೂ ಇರುತ್ತಾರೆ. ಕೇಸು ಗೆದ್ದ ಹೆಸರು ನಮ್ಮಂಥವರಿಗೆ ಬರುತ್ತದೆ. ನೊಂದವರು ಕಟಕಟೆಯಲ್ಲಿ ತಲೆಯೆತ್ತಿ ನಿಂತು ಮಾತಾಡುವುದು ಮಾತ್ರ ಅವರಿಂದಲೇ.