ದೇವರಿಲ್ಲದ ಗುಡ್ಡ

ದಾರಿ ತೋರಿಸುತ್ತ ಮುಂದೆ ಏರುತ್ತಿರುವ ಇಮಾಮುದ್ದೀನ ಕಾಕಾನ ಹಿಮ್ಮಡಿಗಳು ಸುಣ್ಣ ಬಳಿದಂತೆ ಬೆಳ್ಳಗಿವೆ, ಒಂದು ಏರಿತು, ಇನ್ನೊಂದು ಏರಿತು, ಸವೆದ ಚಪ್ಪಲಿ ಪಟ್ ಪಟ್ ಎನ್ನುತ್ತಿದೆ, ಕಸ್ತೂರೆವ್ವ ಆ ಹಿಮ್ಮಡಿಗಳನ್ನೇ ನೋಡುತ್ತ ಕಾಲು ಎತ್ತಿಡುತ್ತಿದ್ದಾಳೆ, ತಲೆ ಎತ್ತಿದರೆ ಗುಡ್ಡ ಕಾಣುತ್ತದೆ, ಗುಡ್ಡ ಕಂಡರೆ ನಗು ಬರುತ್ತದೆ — ಯರಗುಪ್ಪಿಯ ಅಷ್ಟು ದೊಡ್ಡ ಮನೆಯ ಹಿರಿಸೊಸೆ, ನಿನ್ನೆಯ ಇಳಕಲ್ ಸೀರೆಯಲ್ಲೇ, ಬೆಳಗಿನ ಹೊತ್ತು ಕೈಯಲ್ಲಿ ಕಸಬರಿಗೆಯಿಲ್ಲ, ಕೊಡವಿಲ್ಲ, ಕಲಘಟಗಿ ಸೀಮೆಯ ಯಾವುದೋ ಗುಡ್ಡ ಏರುತ್ತಿದ್ದಾಳೆ, ಅದೂ ಸುಮ್ಮನೆ. ನೆಲ ಕೆಂಪು. ಇಲ್ಲಿಯ ಮಣ್ಣು ಕಾಲಿಗೆ ಹತ್ತುವುದೇ ಇಲ್ಲ, ಗೊರಗೊರ ಎಂದು ಜಾರಿ ಹೋಗುತ್ತದೆ, ನಮ್ಮ ಕರಿಮಣ್ಣಿನ ಎರಿಹೊಲದಲ್ಲಾದರೆ ಒಂದು ಮಳೆ ಬಿದ್ದರೆ ಸಾಕು, ಪ್ರತಿ ಹೆಜ್ಜೆಗೂ ಹೊಲವೇ ಕಾಲು ಹಿಡಿದು ಎಲ್ಲಿಗೆ ಹೊಂಟೀ, ಕೂಡು ಎನ್ನುತ್ತದೆ, ಮನೆಗೆ ಬಂದು ಕಟ್ಟಿಗೆಯಿಂದ ಕೆರೆದುಕೊಳ್ಳಬೇಕು, ಈ ಮಣ್ಣು ಏನೂ ಕೇಳುವುದಿಲ್ಲ, ಹೋಗ್ತೀಯಾ ಹೋಗು ಎನ್ನುತ್ತದೆ, ಎಷ್ಟು ಹಗುರ ಕಾಲು, ಹೊತ್ತುಕೊಂಡದ್ದನ್ನು ಎಲ್ಲೋ ಇಳಿಸಿ ಬಂದ ಹಾಗೆ — ಹೌದಲ್ಲ, ಬುತ್ತಿಯ ಗಂಟು ಎಲ್ಲಿ, ಗಂಟು ಅವನ ಹೆಗಲಿನ ಮೇಲಿದೆ, ಅವನ, ಮಕ್ಕಳ ಅಪ್ಪನ, ಇವಳು ಎತ್ತಿಕೊಳ್ಳುವ ಮೊದಲೇ ಎತ್ತಿಕೊಂಡುಬಿಟ್ಟ, ಅತ್ತೆ ನೋಡಿದ್ದರೆ! ರೊಟ್ಟಿ ಗಂಟು ಹೊತ್ತ ಗಂಡಸು! ಅತ್ತೆ ಇಲ್ಲ ಇಲ್ಲಿ, ನಾದಿನಿಯರಿಲ್ಲ, ನೆಗೆಣ್ಣಿಯರಿಲ್ಲ, ಕಣ್ಣು ಅಂತ ಇರುವುದು ಕಾಕಾನವು ಎರಡು, ಅವೂ ಮುಂದಕ್ಕೆ ನೋಡುತ್ತಿವೆ.

ಎಲ್ಲ ಆ ಕ್ಯಾಲೆಂಡರಿನಿಂದ ಆದದ್ದು. ಹುಬ್ಬಳ್ಳಿಯ ಹತ್ತಿ ಅಂಗಡಿಯವರು ಕೊಟ್ಟದ್ದು, ಹಿಟ್ಟು ಚೆಲ್ಲಿದಂತೆ ಬೆಳ್ಳಗಿನ ಪರ್ವತ, ಅದರ ಮೇಲೆ ಮೂರು ಜನ, ಮುಂದೆ ಹೆಗಲಿಗೆ ಹಗ್ಗ ಹಾಕಿಕೊಂಡ ಮೀಸೆಯವನು, ನಡುವೆ ಒಬ್ಬ ಹೆಂಗಸು, ಹಿಂದೆ ಅವಳ ಗಂಡ, ಕೈಯಲ್ಲಿ ಬಡಿಗೆ. ಶಾಲೆಯ ಮಾಸ್ತರರು ಚಹಾ ಕುಡಿಯಲು ಬಂದಾಗ ಕನ್ನಡಕ ಏರಿಸಿ ನೋಡಿ, ಇದು ಆಲ್ಪ್ಸ್ ಅಂತರಿ ಶಂಕ್ರಪ್ಪ, ಯುರೋಪದಾಗ ಐತಿ, ಮುಂದ ಹೊಂಟಾಂವ ದಾರಿ ತೋರಸಾಂವ, ಒಂದಿನದ ಮಟ್ಟಿಗೆ ಇವರಿಬ್ಬರಿಗೇ ಅಂತ ಗೊತ್ತು ಮಾಡಿದಾಂವ, ಅಂತ ಅವನಿಗೆ ಹೇಳಿದರು. ಅತ್ತೆ ಮಲ್ಲಕ್ಕ ಪಡಸಾಲೆಯಲ್ಲಿ ಹತ್ತಿ ಬಿಡಿಸುತ್ತ ಕೂತಿದ್ದಳು, ಗುಡ್ಡದ ಮ್ಯಾಲೆ ಯಾ ದೇವರೈತಿ ಅಂದಳು. ದೇವರಿಲ್ಲಬೇ ಯವ್ವ. ಮತ್ತ್ಯಾಕ ಏರತಾರ? ಸುಮ್ಮನ ಏರತಾರ, ಇಳೀತಾರ. ಸುಮ್ಮನ? ಹ್ಞೂಂ, ಸುಮ್ಮನ. ಅತ್ತೆ ಹತ್ತಿ ಬಿಟ್ಟು ಮಾಸ್ತರರ ಮುಖ ನೋಡಿದಳು, ಉಂಡದ್ದು ಕರಗವಲ್ಲದೇನು ಅವಕ್ಕ, ಮನಿಯಾಗ ಮಾಡಾಕ ದಗದಿಲ್ಲೇನು. ಮನೆಯೆಲ್ಲ ನಕ್ಕಿತು, ನೆಗೆಣ್ಣಿ ನಕ್ಕಳು, ಮಕ್ಕಳು ನಕ್ಕರು, ಇವಳೂ ಸೆರಗು ಬಾಯಿಗೆ ಹಿಡಿದು ನಕ್ಕಳು, ಅವನೊಬ್ಬ ನಗಲಿಲ್ಲ, ಚಿತ್ರ ನೋಡುತ್ತ ನಿಂತಿದ್ದ. ವರ್ಷ ಮುಗಿದ ಮೇಲೆ ತಾರೀಖಿನ ಹಾಳೆ ಹರಿದು ಒಲೆಗೆ ಹಾಕಿದರು, ಚಿತ್ರ ಕಾಣಲಿಲ್ಲ, ಒಂದು ದಿನ ಅವನ ಅಂಗಿ ಇಡಲು ಕಪಾಟು ತೆಗೆದರೆ ಒಳಗೆ, ಬಾಗಿಲ ಹಿಂದೆ, ಗೋಂದು ಹಚ್ಚಿ ಅಂಟಿಸಿದ್ದ. ಏನು ಗಂಡಸರೋ, ಅಂದುಕೊಂಡು ಬಾಗಿಲು ಮುಚ್ಚಿದ್ದಳು, ಮುಚ್ಚಿ ಮತ್ತೊಮ್ಮೆ ತೆಗೆದು ಆ ನಡುವಿನ ಹೆಂಗಸನ್ನು ನೋಡಿದ್ದಳು — ಅವಳ ಕಾಲಲ್ಲಿ ಎಂಥ ಬೂಟು, ಗಂಡಸರದ್ದರ ಹಾಗೆ.

ಮತ್ತೆ ಇವತ್ತು ನಸುಕಿನಲ್ಲಿ, ನಿನ್ನೆ ನಿಶ್ಚಿತಾರ್ಥಕ್ಕೆಂದು ಬಂದಿದ್ದ ನೆಂಟರ ಮನೆಯ ಹಿತ್ತಲಲ್ಲಿ, ನೀರಿನ ಹಂಡೆಯ ಹೊಗೆ ಕಣ್ಣಿಗೆ ಹೋಗಿ ಇವಳು ಕಣ್ಣುಜ್ಜಿಕೊಳ್ಳುತ್ತಿರುವಾಗ ಬಂದು ನಿಂತ. ಏ, ಕೇಳಿಲ್ಲಿ. ಏನ್ರಿ. ಮುಂಜಾನಿ ಬಸ್ಸಿಗೆ ಹೋಗೂದು ಬ್ಯಾಡ, ಸಂಜಿ ಬಸ್ಸಿಗೆ ಹೋಗೂಣು, ಹಗಲ ಗುಡ್ಡಕ್ಕ ಹೋಗಿ ಬರೂಣು, ಮನಶ್ಯಾನ್ನ ಗೊತ್ತು ಮಾಡೇನಿ. ಯಾ ದೇವರ್ರಿ? ದೇವರಿಲ್ಲ. ಮತ್ತ್ಯಾಕ್ರಿ? ಅವನ ಕಿವಿ ಕೆಂಪಗಾದವು, ಹಂಡೆಯ ಉರಿಯೋ ಏನೋ, ಸುಮ್ಮನ ಅಂದ. ಆಗ ಅವಳಿಗೆ ತಟ್ಟನೆ ಹೊಳೆಯಿತು, ಊರು ಬಿಡುವಾಗ ತಾಯಿಯ ಮುಂದೆ ಎರಡ ದಿನದ ಕಾರ್ಯಬೇ ಅಂದಿದ್ದ, ಕಾರ್ಯ ಒಂದೇ ದಿನದ್ದಿತ್ತು, ಅಂದರೆ ಅಲ್ಲಿಂದಲೇ, ಕಪಾಟಿನ ಮುಂದೆ ನಿಂತೇ, ಎಲ್ಲ ನಿಶ್ಚಯ ಮಾಡಿಕೊಂಡು ಬಂದಿದ್ದಾನೆ, ತಾಯಿಗೆ ಎದುರುತ್ತರ ಕೊಡದವನು ಒಂದು ಹಗಲನ್ನು ಕದ್ದುಕೊಂಡು ಬಂದಿದ್ದಾನೆ. ಒಂದು ತೆಂಗಿನಕಾಯಿ ಸೆರಗಿನಲ್ಲಿ ಕಟ್ಟಿಕೊಂಡಳು. ಅದ್ಯಾಕ ಅಂದ. ದೇವರಿದ್ದರ ಇರ್ಲಿ ಅಂದಳು.

ಹೆಜ್ಜೆ, ಹೆಜ್ಜೆ. ಕಾಕಾ ಮಾತಾಡುತ್ತಿದ್ದಾನೆ, ಬಾಯಿಗೆ ದಮ್ಮೇ ಬೇಡ ಈ ಮನುಷ್ಯನಿಗೆ, ವರ್ಷಾ ಕರಡದ ಹುಲ್ಲ ಕೊಯ್ಯಾಕ ಬರವ್ರನ್ನ ನಾನ ಕರಕೊಂಡ ಬರತೇನ್ರಿ ಸಾವಕಾರ್ರ, ಈ ಮತ್ತಿ ಗಿಡದ ಬುಡಕ್ಕ ಚಿರತಿ ಮಲಗಿತ್ತರಿ, ಇಷ್ಟಿತ್ತು. ಗುಡ್ಡದ ಬುಡದಲ್ಲಿ ಆ ಚಿರತೆ ನಾಯಿಯಷ್ಟಿತ್ತು, ತೊರೆ ದಾಟಿದಾಗ ಕರುವಿನಷ್ಟಾಯಿತು, ಈಗ ಕೈ ಅಗಲಿಸಿ ತೋರಿಸುತ್ತಿರುವುದು ನೋಡಿದರೆ ಎಮ್ಮೆಯಷ್ಟಾಗಿದೆ, ಕಾಕಾ, ಮ್ಯಾಲೆ ಮುಟ್ಟೂದ್ರಾಗ ಆನಿ ಆಗತೈತೇನ್ರಿ ಅದು — ಅಯ್ಯ, ಬಾಯಿ ಬಿಟ್ಟು ಅಂದೇಬಿಟ್ಟಳು, ಹಿಂದೆ ಅವನು ಗೊಳ್ಳೆಂದು ನಕ್ಕ. ಅವನ ನಗು ಬೆನ್ನಿಗೆ ಬಡಿಯಿತು. ಹಿಂದಿನಿಂದ ಬರುವ ನಗು ಹೊಸದು. ಹೊಲಕ್ಕೆ ಹೋಗುವಾಗ ಅವನು ಮುಂದೆ, ಇವಳು ಅಷ್ಟು ದೂರ ಹಿಂದೆ, ಅವನ ಬೆನ್ನು, ಅವನ ತಲೆಯ ಪಟಗಾದ ಚುಂಗು, ಇಷ್ಟು ವರ್ಷ ನೋಡಿದ್ದು ಅದನ್ನೇ, ಇವತ್ತು ಕಾಕಾ ಮುಂದೆ, ನಡುವೆ ನೀ ನಡಿ ಅಂದ, ಕಾಲು ಜಾರಿದರ ಹಿಂದ ನಾ ಇರತೇನಿ, ಹಾಗಾದರೆ ತನ್ನ ಬೆನ್ನನ್ನು ಅವನು ಈಗ ನೋಡುತ್ತಿರಬೇಕು, ಸೆರಗು ಸರಿ ಇದೆಯೇ, ತುರುಬಿನ ಗಂಟು ಬಿಚ್ಚಿದೆಯೇ, ಕೈ ಹಿಂದಕ್ಕೆ ಹೋಗುತ್ತದೆ, ಮುಂದಕ್ಕೆ ಬರುತ್ತದೆ. ಮಂಜು ಬರತೈತ್ರಿ, ಅಂದ ಕಾಕಾ. ಎಲ್ಲೋ ಕೆಳಗೆ ಕರಡ ಕೊಯ್ಯುವವರು ಒಬ್ಬರನ್ನೊಬ್ಬರು ಕೂಗುತ್ತಿದ್ದಾರೆ, ಏ... ಏಏ...

ದಾರಿಗೆ ಅಡ್ಡ ಮುಳ್ಳುಕಂಟಿ ಬಿದ್ದಿತ್ತು. ಇಲ್ಲೇ ಕುಂತಿರು, ದಮ್ಮು ಹಾಕ್ಕೋ, ಕಂಟಿ ಕಡದು ಕರಿತೇನಿ, ಅಂದು ಅವನು ಕಾಕಾನ ಜೊತೆ ಮುಂದಕ್ಕೆ ಹೋದ, ಕಾಕಾ ತಿರುಗಿ, ಎಡಕ್ಕ ಮಾತ್ರ ಹೋಗಬ್ಯಾಡ್ರಿ ಅಕ್ಕಾರ, ಎಡಕ್ಕ ನೆಲಾನ ಇಲ್ಲ, ದರಿ ಐತಿ. ಕೂತಳು. ಕೂಡುವುದು ಎಷ್ಟು ಹೊತ್ತು, ಕೂತು ರೂಢಿಯಿದ್ದರಲ್ಲವೇ, ಬಲಗಡೆ ನೆಲ್ಲಿಯ ಗಿಡ, ಕಾಯಿ ಗೊಂಚಲು ಗೊಂಚಲು, ಬೆಟ್ಟದ ನೆಲ್ಲಿ, ಸಣ್ಣದು, ಒಂದು ಕಡಿದಳು, ಒಗರು, ಆಮೇಲೆ ಸಿಹಿ ನೀರು ಬಾಯಿ ತುಂಬ, ಉಡಿಯಲ್ಲಿ ತುಂಬಿಕೊಂಡಳು, ಅದರಾಚೆ ಇನ್ನೊಂದು ಗಿಡ, ಅದರದು ಇನ್ನೂ ದಪ್ಪ, ಇನ್ನೊಂದು — ತಲೆ ಎತ್ತಿದರೆ ಗಿಡವಿಲ್ಲ. ಗುಡ್ಡವಿಲ್ಲ. ತನ್ನ ಕೈ ಬಳೆಯ ತನಕ ಇದೆ, ಅದರಾಚೆ ಹಾಲು. ಯಾವುದು ಎಡ? ಬಂದ ಕಡೆಗೆ ತಿರುಗಿದ್ದೆನೋ ಹೋದ ಕಡೆಗೋ, ಒಂದು ಹೆಜ್ಜೆ ಇಟ್ಟಳು, ಕಾಲಿನಿಂದ ಒಂದು ಕಲ್ಲು ಉರುಳಿತು, ಉರುಳಿ, ಉರುಳಿ, ಆಮೇಲೆ ಸಪ್ಪಳವೇ ಇಲ್ಲ. ಬೀಳಲೇ ಇಲ್ಲ ಆ ಕಲ್ಲು. ಕೂಗಬೇಕು, ಏನಂತ ಕೂಗಬೇಕು, ರೀ ಎನ್ನಬೇಕೆಂದರೆ ಗಂಟಲಲ್ಲಿ ನೆಲ್ಲಿಕಾಯಿಯ ಒಗರು, ದನಿಯೇ ಹೊರಡದು. ಏ! ಎಲ್ಲಿಂದಲೋ. ಏಏ! ಕೆಳಗಿನವರದೋ ಮೇಲಿನದೋ, ಗಂಡಸರೆಲ್ಲರ ಏ ಒಂದೇ, ದನಕ್ಕೂ ಏ, ಆಳಿಗೂ ಏ, ಹೆಂಡತಿಗೂ ಏ, ಈ ಹಾಲಿನೊಳಗೆ ನಿಂತು ಯಾವ ಏ ನನ್ನದು ಎಂದು ಹೇಗೆ ತಿಳಿಯಬೇಕು ಶಿವನೇ, ಉಡಿ ಗಟ್ಟಿಯಾಗಿ ಹಿಡಿದುಕೊಂಡು ಕಣ್ಣು ಮುಚ್ಚಿದಳು, ಮತ್ತೆ, ಏ! ಏ ಇಕೀನ! ಆಮೇಲೆ ಏನೂ ಇಲ್ಲ. ಆಮೇಲೆ —

ಕಸ್ತೂರೀ.

ಯಾರು? ತವರಿನಲ್ಲಿ, ತಿರ್ಲಾಪುರದ ಹಿತ್ತಲ ಬಾಗಿಲಲ್ಲಿ ನಿಂತು ಅವ್ವ ಕರೆಯುತ್ತಿದ್ದಳು ಹಾಗೆ, ಕೊನೆಯ ಅಕ್ಷರ ಎಳೆದು, ಅವ್ವ ಹೋಗಿ ಎಷ್ಟು ಮಳೆಗಾಲ, ಆಮೇಲೆ ಯಾರೂ ಕರೆದಿಲ್ಲ, ಈ ಮನೆಯಲ್ಲಿ ಹಿರೇಸೊಸಿ, ವೈನಿ, ದೊಡ್ಡವ್ವ, ಎಷ್ಟು ಜನರಿಗೆ ಎಷ್ಟು ಹೆಸರಾಗಿದ್ದಾಳೆ, ಇದೊಂದು ಮಾತ್ರ ಅಲ್ಲ. ಕಸ್ತೂರೀ! ಎದುರಿನ ಗುಡ್ಡವೂ ಕರೆಯಿತು, ತೂರೀ. ಅದರ ಹಿಂದಿನ ಗುಡ್ಡವೂ. ಊರೀ. ಒಡೆದ ದನಿ, ಹರಿದು ಹೋಗುವಂಥ ದನಿ, ಗಂಡಸಿನದು, ಅವನದು, ಅವನದೇ! ಮದುವೆಯಲ್ಲಿ ಒಡಪು ಹಚ್ಚಿ ಹೆಂಡತಿಯ ಹೆಸರು ಹೇಳೆಂದು ನಾದಿನಿಯರು ಬಾಗಿಲು ಹಿಡಿದು ನಿಂತಾಗ ಮೀಸೆಯೊಳಗೇ ಏನೋ ಗೊಣಗಿ ಒಳಗೆ ನುಗ್ಗಿದವನು, ಅವತ್ತು ಹೇಳಿದನೋ ಇಲ್ಲವೋ ಇವಳಿಗೂ ಗೊತ್ತಿಲ್ಲ, ಇವತ್ತು ಮೂರು ಗುಡ್ಡಕ್ಕೆ ಕೇಳುವಂತೆ, ನಿಂತಲ್ಲೇ ನಿಂದ್ರು, ಹೆಜ್ಜಿ ಇಡಬ್ಯಾಡ, ಕಸ್ತೂರೀ! ಆಗ ಗಂಟಲು ಬಿಟ್ಟಿತು. ಓ! ಇಲ್ಲೇ ಅದೇನ್ರೀ! ಅವನಿಗೆ ಕೇಳಲಿಲ್ಲವೋ, ಕೇಳಿಯೂ ನಂಬಲಿಲ್ಲವೋ, ಕರೆಯುತ್ತಲೇ ಇದ್ದಾನೆ, ಗಾಳಿ ಬಂತು, ಹಾಲು ಹರಿಯಿತು, ಸೀರೆಯ ಸೆರಗು ಸರಿಸಿದಂತೆ ಗುಡ್ಡ ಕಂಡಿತು, ಬಂಡೆ ಕಂಡಿತು, ಬಂಡೆಯ ಮೇಲೆ ಅವನು, ಪಟಗಾ ಬಿಚ್ಚಿ ಕೊರಳಿಗೆ ಬಿದ್ದಿದೆ, ನೆತ್ತಿಯ ಬೋಳು ಹೊಳೆಯುತ್ತಿದೆ, ಎರಡೂ ಕೈ ಬಾಯಿಯ ಸುತ್ತ, ಕಣ್ಣು ಮುಚ್ಚಿ ಕೂಗುತ್ತಿದ್ದಾನೆ, ಇಗೋ, ಇಲ್ಲೇ, ಕೂಗಳತೆ ಕೂಡ ಇಲ್ಲ, ಎದುರಿಗೇ ನಿಂತಿದ್ದಾಳೆ. ಕಣ್ಣು ತೆರೆದ. ಬಾಯಿ ಮುಚ್ಚಿದ. ಕೈ ಮಾತ್ರ ಬಾಯಿಯ ಸುತ್ತಲೇ ಉಳಿದವು, ಇಳಿಸುವುದು ಮರೆತ.

ಬಂದು ರಟ್ಟೆ ಹಿಡಿದು ಈಚೆಗೆ ಎಳೆದುಕೊಂಡ. ಏನೋ ಹೇಳಬೇಕು ಅವನು, ಬೈಯಬೇಕು, ಮುಖ ಅತ್ತ ಮಾಡಿ, ನೆಲ್ಲಿಕಾಯಿ ಭಾಳ ಸಿಕ್ಕಾವಲ್ಲ, ಅಂದ. ಹ್ಞೂಂ, ಅಂದಳು. ಕುಡುಗೋಲು ಹಿಡಿದುಕೊಂಡು ಓಡಿ ಬಂದ ಕಾಕಾ ಇಬ್ಬರ ಮುಖ ನೋಡಿ, ಚಿರತಿ ಇದ್ದರೂ ಸಾವಕಾರ್ರ ದನಿಗಿ ಊರ ಬಿಟ್ಟ ಹೋಗಿರತೈತ್ರಿ, ಅಂದ, ಅಂದು ಮುಂದೆ ಮುಂದೆ ನಡೆದ, ಆಮೇಲೆ ತುದಿ ಮುಟ್ಟುವವರೆಗೆ ಮಾತೇ ಆಡಲಿಲ್ಲ, ಆ ಬಾಯಿ! ತುದಿಯಲ್ಲಿ ದೇವರಿರಲಿಲ್ಲ. ನಿಜಕ್ಕೂ ಇರಲಿಲ್ಲ, ಒಂದು ಚಪ್ಪಟೆ ಬಂಡೆ, ಹುಲ್ಲು, ಗಾಳಿ. ತೆಂಗಿನಕಾಯಿ ಬಂಡೆಗೇ ಒಡೆದು ಚೂರು ಮಾಡಿ ಗುರೆಳ್ಳು ಚಟ್ನಿಯ ಜೊತೆ ತಿಂದರು, ರೊಟ್ಟಿ, ಎಣ್ಣೆಗಾಯಿ, ಕಾಕಾ ತನ್ನ ಪಾಲು ಇಸಿದುಕೊಂಡು ಬಿಸಿಲು ಕಾಯಿಸ್ಕೋತೇನ್ರಿ ಎಂದು ಆಚೆ ಬಂಡೆಗೆ ಹೋದ. ಮೂಡಣಕ್ಕೆ ಬಯಲು, ಕೊನೆಯೇ ಇಲ್ಲದ ಕರಿ ಬಯಲು, ಅದು ನಮ್ಮೂರ ನೋಡ್ರಿ ಅಂದಳು, ಅಷ್ಟ ದೂರ ಕಾಣೂದಿಲ್ಲ ಹುಚ್ಚಿ ಅಂದ, ಕಾಣತೈತಿ, ಅತ್ತಿ ಮಾಳಗಿ ಮ್ಯಾಲೆ ನಿಂತು ಇತ್ತಲಾಗೇ ನೋಡಾಕ ಹತ್ತ್ಯಾರ, ಅಂದಳು, ಅವನು ಗಾಬರಿಯಾಗಿ ನೋಡಿಯೂ ನೋಡಿದ! ನಕ್ಕು ನಕ್ಕು ರೊಟ್ಟಿ ನೆತ್ತಿಗೇರಿತು, ಅವನೇ ನೀರು ಕೊಟ್ಟ. ಆಮೇಲೆ ಮೆಲ್ಲಗೆ, ಹುಲ್ಲು ಕೀಳುತ್ತ, ಇನ್ನೊಮ್ಮೆ ಕರೀರಿ, ಅಂದಳು. ಯಾರನ್ನ? ನನ್ನ. ಇಲ್ಲೇ ಬಾಜೂಕ ಕುಂತೀಯಲ್ಲ, ಕರೇದೇನೈತಿ. ಎದ್ದು ಧೋತರ ಕೊಡವಿಕೊಂಡ. ಮೂರು ಗುಡ್ಡವೂ ಸುಮ್ಮನೆ ನಿಂತಿದ್ದವು.

ಇಳಿದದ್ದು ನೆನಪೇ ಇಲ್ಲ, ಕೆಂಪು ಮಣ್ಣು ಜಾರಿತು, ಇವಳೂ ಜಾರಿದಳು, ಕಾಕಾನಿಗೆ ಕೈ ಮುಗಿದದ್ದು, ಅಕ್ಕಾರ, ಬರೂ ವರ್ಷ ಬರ್ರಿ, ಚಿರತಿ ತೋರಸತೇನಿ ಅಂದದ್ದು, ಬಸ್ಸಿನಲ್ಲಿ ಹೆಂಗಸರ ಸೀಟು ಮುಂದೆ, ಅವನು ಹಿಂದೆ, ಕಿಟಕಿಯಲ್ಲಿ ಹತ್ತಿಹೊಲ ಓಡಿತು, ಜೋಳ ಓಡಿತು, ಅವುಗಳ ಮೇಲೆ ಎರಡು ಕೈ, ನಡುವೆ ಬಾಯಿ, ಯಾವ ಹೊಲ ಬಂದರೂ ಅದೇ, ಪಕ್ಕದಲ್ಲಿ ಕೂತ ಮುದುಕಿ ಯಾಕವ್ವ ಒಬ್ಬಾಕೀನ ನಗತೀ ಅಂದಳು. ಈಗ ದೀಪ ಹಚ್ಚುವ ಹೊತ್ತು, ಅಡಿಗೆಮನೆಯ ಕತ್ತಲು, ಹೊಗೆಯ ವಾಸನೆ, ನಾದಿನಿ ಕೇಳಿದಳು, ಅತ್ತೆ ಕೇಳಿದಳು, ಇಷ್ಟ ನೆಲ್ಲಿಕಾಯಿ ಎಲ್ಲಿವು? ಅವರ ಹಿತ್ತಲದಾಗ ಗಿಡ ಇತ್ತರಿ. ಉಪ್ಪಿನಕಾಯಿ ಹಾಕಬೇಕು ನಾಳೆ, ಮೆಂತ್ಯ ಹುರಿಯಬೇಕು, ಭರಣಿ ತೊಳೆದಿಟ್ಟಿದ್ದೆನೇ — ಏ, ನೀರು ತಾ. ಪಡಸಾಲೆಯಿಂದ, ಅವನು. ತಂಬಿಗೆ ತುಂಬಿಯೇ ಇದೆ, ಕೈಯಲ್ಲೇ ಇದೆ, ಬಾಗಿಲ ಹಿಂದೆಯೇ ನಿಂತಿದ್ದಾಳೆ, ಕಾಲು ಮಾತ್ರ ಏಳುತ್ತಿಲ್ಲ, ಈ ವಯಸ್ಸಿನಲ್ಲಿ ಎಂಥ ಹುಡುಗಾಟಿಕೆ. ಏ! ಇಲ್ಲ, ಇದು ಯಾರ ಏಯೋ, ದನದ್ದೋ, ಆಳಿನದ್ದೋ, ತನ್ನದಲ್ಲ. ಕಿವಿ ಕೇಳವಲ್ಲವೇನು ಇಕಿಗೆ, ನಿಶ್ಚಿತಾರ್ಥದ ವಾಲಗ ಇನ್ನೂ ಕಿವ್ಯಾಗ ಐತೇನು, ಅತ್ತೆಯ ದನಿ, ಹತ್ತಿ ಬಿಡಿಸುವ ಕೈ ನಿಂತಿರಬೇಕು. ಬಾಗಿಲ ಸಂದಿಯಲ್ಲಿ ಕಣ್ಣಿಟ್ಟಳು, ಲಾಟೀನಿನ ಬೆಳಕು, ತಾಯಿಯ ಕಡೆ ನೋಡಿದ, ಬಾಗಿಲ ಕಡೆ ನೋಡಿದ, ಕಿವಿ ಕೆಂಪಗೆ, ಇಲ್ಲಿ ಹಂಡೆಯ ಉರಿಯಿಲ್ಲ, ಕೆಮ್ಮಿದ, ಮಂಡಿಯ ಮೇಲಿನ ಕೈ ಎದ್ದವು, ನಿಂತವು, ಮತ್ತೆ ಎದ್ದವು, ಮೀಸೆ ತಿರುವಲು ಇರಬೇಕು, ಅಲ್ಲ, ಎರಡೂ ಕೈ, ಮೀಸೆಗೆ ಎರಡು ಕೈ ಏಕೆ, ಎರಡು ಕೈ, ನಡುವೆ ಬಾಯಿ, ಬಾಯಿ ತೆರೆದಿದೆ, ಎರಡು ಕೈ, ನಡುವೆ ಬಾಯಿ —