ಗೋಡೆಯೊಳಗಿನ ಕಮ್ಮಾರ

ಎರಡು ಹನಿ ಮಳೆ ಬಿದ್ದರೆ ಊರೇ ತೇಲಿಹೋಯಿತು ಅನ್ನುವವಳು ಅಜ್ಜಿ. ಸೊಳ್ಳೆ ಕಚ್ಚಿದರೆ ಮೈಯಲ್ಲಿದ್ದ ರಕ್ತ ಅರ್ಧ ಹೋಯಿತು, ಉಳಿದರ್ಧದಲ್ಲೇ ಈಗ ಪಾತ್ರೆ ತೊಳೆಯುತ್ತಿದ್ದೇನೆ ಅನ್ನುವವಳು. ಗಂಡ ಬದುಕಿದ್ದಾಗ ಅವಳ ಮಾತನ್ನು ನಾಲ್ಕರಿಂದ ಭಾಗಿಸಿ ಕೇಳಿಸಿಕೊಳ್ಳುತ್ತಿದ್ದ. ಅವನು ಹೋದ ಮೇಲೆ ಭಾಗಿಸುವವರಿಲ್ಲದೆ ಮಾತೆಲ್ಲ ಇಡಿಯಾಗಿಯೇ ಉಳಿಯಿತು. ಅಮ್ಮ ಶಾಲೆಯಲ್ಲಿ ಕೂಡುವುದು, ಗುಣಿಸುವುದು ಕಲಿತು, ಕಳೆಯುವ ಲೆಕ್ಕ ಬರುವಷ್ಟರಲ್ಲಿ ಬಿಟ್ಟುಬಂದವಳು ಎಂದು ಮಗ ಚುಡಾಯಿಸುತ್ತಿದ್ದ.

ಇಂಥವಳಿಗೆ ಒಂದು ಬೆಳಗ್ಗೆ ಗೋಡೆಯೊಳಗಿಂದ ಸದ್ದು ಕೇಳಿಸಿತು.

ಮಗ ಬಸ್ಸು ಓಡಿಸುವವನು, ನಸುಕಿನಲ್ಲೇ ಹೊರಟುಬಿಡುತ್ತಿದ್ದ. ಸೊಸೆಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಅವಳು ಬಿಸಿನೀರಿನ ಸ್ನಾನ ಮುಗಿಸಿ, ಮಗುವಿನ ಕೆನ್ನೆಗೆ ಮುತ್ತು ಕೊಟ್ಟು, ಅಜ್ಜಿಗೆ ಹತ್ತು ಎಚ್ಚರಿಕೆ ಕೊಟ್ಟು ಹೋಗುತ್ತಿದ್ದಳು. ಆಮೇಲೆ ಸಂಜೆಯವರೆಗೆ ಮನೆಯಲ್ಲಿ ಇಬ್ಬರೇ. ಒಬ್ಬಳಿಗೆ ಹಲ್ಲು ಬರುತ್ತಿತ್ತು, ಇನ್ನೊಬ್ಬಳಿಗೆ ಹೋಗುತ್ತಿತ್ತು. ಅಜ್ಜಿ ಏನು ಹೇಳಿದರೂ ಕಣ್ಣರಳಿಸಿ ಪೂರ್ತಿ ನಂಬುವ ಜೀವ ಈ ಭೂಮಿಯ ಮೇಲೆ ಅದೊಂದೇ. ಆ ಮಗುವಿಗಾಗಿ ಅಜ್ಜಿ ಸಮುದ್ರವನ್ನೇ ಬೇಕಾದರೂ ಕುಡಿದಾಳು. ಅವಳೇ ಹೇಳಿದ್ದು.

ಅವತ್ತು ಬೆಳಗ್ಗೆ ಮಗು ಹಾಗೂ ಹೀಗೂ ಕಣ್ಣು ಮುಚ್ಚಿತು. ಅಷ್ಟರಲ್ಲಿ ಬಚ್ಚಲ ಗೋಡೆಯ ಕಡೆಯಿಂದ ಸದ್ದು. ಮಗು ಕಣ್ಣು ಬಿಟ್ಟಿತು. ಮತ್ತೆ ತಟ್ಟಿ ಮಲಗಿಸಿದಳು, ಮತ್ತೆ ಸದ್ದು. ಮರುದಿನವೂ ಅದೇ ಕಥೆ.

ಸಂಜೆ ಸೊಸೆ ಚಪ್ಪಲಿ ಬಿಡುವ ಮೊದಲೇ ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. "ಗೋಡೆಯೊಳಗೆ ಕಮ್ಮಾರ ಕೂತಿದ್ದಾನೆ ಕಣೇ! ದಬ್ ದಬ್ ಅಂತ ಸುತ್ತಿಗೆ ಏಟು. ಮನೆ ಅಲ್ಲಾಡ್ತು, ಪಾತ್ರೆಗಳೆಲ್ಲಾ ಕುಣಿದ್ವು!"

"ಯಾವ ಪಾತ್ರೆ ಬಿತ್ತು ಅತ್ತೆ?"

"ಬಿತ್ತು ಅಂದ್ನಾ? ಕುಣೀತು ಅಂದೆ."

ನಲ್ಲಿ ರಿಪೇರಿಯವನನ್ನು ಕರೆಸಿದರು. ದಬ್ ದಬ್ ಅಂದರೆ, ಓಡುತ್ತಿರುವ ನೀರನ್ನು ಫಕ್ಕನೆ ನಿಲ್ಲಿಸಿದಾಗ ಅದು ಹೋಗಿ ಪೈಪಿಗೆ ಗುದ್ದುವ ಸದ್ದು ಎಂದು ಅವನು ತೀರ್ಮಾನಿಸಿದ. ಸಿಂಕಿನ ಕೆಳಗೆ ನುಗ್ಗಿ, ಪೈಪು ಹಿಡಿದಿಡುವ ಸಡಿಲ ಪಟ್ಟಿಗಳನ್ನೆಲ್ಲ ಗೋಡೆಗೆ ಬಿಗಿದು, ನಲ್ಲಿಗಳಿಗೆ ಹೊಸ ವಾಷರ್ ಹಾಕಿ ಹೋದ.

ಮರುದಿನ ಕಮ್ಮಾರ ಮತ್ತೆ ಹಾಜರ್.

ರಿಪೇರಿಯವನು ಎರಡನೇ ಸಲ ಬಂದಾಗ ಅದೇ ಮಾತು ಹೇಳಲು ಅಜ್ಜಿಗೆ ಸಪ್ಪೆ ಎನಿಸಿತು. "ಈಗ ಗೋಳೋ ಅಂತ ಅಳುತ್ತಪ್ಪಾ, ಏಳು ಜನ್ಮದ ದುಃಖ ಇರೋ ದೆವ್ವದ ಹಾಗೆ!" ಅಳುವ ಸದ್ದಾದರೆ ಟ್ಯಾಂಕು ತುಂಬಿದಾಗ ನೀರು ನಿಲ್ಲಿಸುವ ತೇಲುಗುಂಡು ನಡುಗುತ್ತಿರಬೇಕು ಎಂದು ಅವನು ತಾರಸಿಗೆ ಹತ್ತಿ, ಅದನ್ನು ಬದಲಾಯಿಸಿ, ಬೆನ್ನು ಹಿಡಿದುಕೊಂಡು ಇಳಿದ. ಮೂರನೇ ಸಲ ಸಾವಿರ ಇಲಿ ಸೇರಿ ಕಬ್ಬಿಣ ಕಡಿಯುತ್ತಿವೆ ಎಂದಳು. ಅವನು ಬೇಸಿನ್ನಿನ ಹಿಂದಿನ ಟೈಲ್ಸ್ ಒಡೆದ. ಒಳಗೆ ಪೈಪು ನಿನ್ನೆ ಅಂಗಡಿಯಿಂದ ತಂದ ಹಾಗೆ ಫಳಫಳ ಹೊಳೆಯುತ್ತಿತ್ತು.

ಒಂದು ಭಾನುವಾರ ಮನೆಮಂದಿಯೆಲ್ಲ ಕಿವಿ ನಿಮಿರಿಸಿ ಕೂತರು. ಒಬ್ಬರಾದ ಮೇಲೊಬ್ಬರು ಸ್ನಾನ ಮಾಡಿದರು, ಬಟ್ಟೆ ನೆನೆಸಿದರು, ಮಧ್ಯಾಹ್ನದವರೆಗೂ ಬಿಸಿನೀರು ಹರಿಯಿತು. ಗೋಡೆ ತುಟಿ ಪಿಟಕ್ಕೆನ್ನಲಿಲ್ಲ.

"ಅಮ್ಮಾ, ಕಮ್ಮಾರನಿಗೆ ಭಾನುವಾರ ರಜಾ ಏನೋ," ಎಂದ ಮಗ. ಸೊಸೆ ನಗಲಿಲ್ಲ.

"ಬೇಜಾರ್ ಮಾಡ್ಕೋಬೇಡಿ ಅತ್ತೆ. ನಮ್ಮ ಅಂಗಡಿಗೆ ದಿನಾ ಜನ ಬರ್ತಾರೆ, ನನ್ನ ಕಣ್ಣು ಸರಿಯಾಗಿದೆ, ನಿಮ್ಮ ಅಕ್ಷರದ ಬೋರ್ಡೇ ಮಸುಕಾಗಿದೆ ಅಂತ. ನೀವು ಒಂದ್ಸಲ ಕಿವಿ ತೋರಿಸ್ಕೊಳ್ಳಿ. ಅಲ್ಲೀತನಕ ಮಗೂನ ಶಿಶುವಿಹಾರಕ್ಕೆ ಬಿಡೋಣ. ಮುಂದಿನ ಸೋಮವಾರದಿಂದ."

ಅಜ್ಜಿ ಮಗುವನ್ನು ಬರಸೆಳೆದುಕೊಂಡಳು. ಬಾಯಿಯೂ ಸುಮ್ಮನಿರಲಿಲ್ಲ. "ಮಗುಗೂ ಕೇಳ್ಸುತ್ತೆ! ಎದ್ದು ಕೂರುತ್ತೆ!"

"ನೀವು ಗೋಡೆಗೆ ಬೈಯೋದಕ್ಕೆ ಏಳುತ್ತೇನೋ."

"ನನ್ನ ಕಿವಿಗೇನಾಗಿದೆಯೇ? ಆಚೆ ಬೀದೀಲಿ ಇರುವೆ ಸೀನಿದ್ರೂ ಕೇಳ್ಸುತ್ತೆ ನನಗೆ!"

"ಅದೇ ಅತ್ತೆ ನನ್ನ ಭಯ," ಎಂದಳು ಸೊಸೆ.

ಆ ವಾರವಿಡೀ ಅಜ್ಜಿ ಮಗುವನ್ನು ಕಂಕುಳಿಂದ ಇಳಿಸಲಿಲ್ಲ. ಗೋಡೆ ದಿನಾ ಬೆಳಗ್ಗೆ ಸದ್ದು ಮಾಡಿತು. ಅವಳು ಯಾರಿಗೂ ಹೇಳಲಿಲ್ಲ. ಹೇಳಿ ಹೇಳಿ ತನ್ನ ಮಾತಿನ ಬೆಲೆಯನ್ನು ತಾನೇ ತೊಳೆದು ಮೋರಿಗೆ ಬಿಟ್ಟಿದ್ದೇನೆ ಎಂಬುದು ಅವಳಿಗೂ ಗೊತ್ತಾಗಿತ್ತು.

ಶನಿವಾರ ರಿಪೇರಿಯವನು ಒಡೆದ ಟೈಲ್ಸ್ ಕೂಡಿಸಲು ಬಂದ. ಶಿಶುವಿಹಾರ ನೋಡಿಬರಲು ಸೊಸೆ ರಜೆ ಹಾಕಿದ್ದಳು. ಸಿಮೆಂಟು ಕಲಸುತ್ತಾ ಅವನು ಕೇಳಿದ: "ಅಜ್ಜೀ, ಗೋಡೆ ಮುಚ್ಚೋ ಮೊದ್ಲು ಒಂದೇ ಒಂದ್ಸಲ ಇದ್ದದ್ದು ಇದ್ದ ಹಾಗೆ ಹೇಳಿಬಿಡಿ. ಕಮ್ಮಾರ ಬೇಡ, ದೆವ್ವ ಬೇಡ. ಸದ್ದು ಹೇಗಿರುತ್ತೆ?"

ಅಜ್ಜಿ ಬಾಯಿ ತೆರೆದಳು. ಸಿಡಿಲು ನಾಲಿಗೆಯ ತುದಿಗೆ ಬಂದು ನಿಂತಿತ್ತು. ನುಂಗಿದಳು. ಅದರ ಹಿಂದೆ ರೈಲು ಬಂತು, ಅದನ್ನೂ ನುಂಗಿದಳು. ಆಚೆ ಹೋಗಲು ಚಪ್ಪಲಿ ಹಾಕಿಕೊಂಡು, ಮಗುವನ್ನು ಸೊಂಟಕ್ಕೇರಿಸಿ ನಿಂತಿದ್ದ ಸೊಸೆಯನ್ನು ನೋಡಿದಳು. ಕೈಯಲ್ಲಿದ್ದ ಸ್ಟೀಲ್ ಲೋಟಕ್ಕೆ ಉಗುರಿನಿಂದ ಮೆಲ್ಲಗೆ ತಟ್ಟಿದಳು. ಟಿಕ್. ಟಿಕ್. ಸ್ವಲ್ಪ ಬಿಟ್ಟು, ಟಿಕ್. ಇನ್ನೂ ಸ್ವಲ್ಪ ಬಿಟ್ಟು, ಟಿಕ್.

ಅವನ ಕೈಯ ಕರಣೆ ನಿಂತಿತು. "ಇಷ್ಟೇನಾ?"

"ಇಷ್ಟೇ." ಆ ಒಂದು ಮಾತು ಹೊರಬರಲು ಹಲ್ಲು ಕಿತ್ತಷ್ಟು ನೋವಾಯಿತು.

"ನನ್ನ ಕೈಲಿ ಟ್ಯಾಂಕ್ ಹತ್ತಿಸಿದ್ರಲ್ಲ ಅಜ್ಜೀ!"

"ಟಿಕ್ ಅಂತಿದೆ ಬಾರಪ್ಪಾ ಅಂದಿದ್ರೆ ನೀನು ಬರ್ತಿದ್ಯೇನೋ?"

ಅವನು ಸ್ವಲ್ಪ ಯೋಚಿಸಿದ. "ಬರ್ತಿರ್ಲಿಲ್ಲ. ಸರಿ, ನೀರು ಹರಿಯುವಾಗ ಬರುತ್ತಾ, ನಿಂತ ಮೇಲಾ?"

"ನಿಂತ ಮೇಲೆ. ಇವಳು ಸ್ನಾನ ಮಾಡಿ ಆಚೆ ಹೋದ ಮೇಲೆ. ಬರ್ತಾ ಬರ್ತಾ ನಿಧಾನ ಆಗಿ, ಆಮೇಲೆ ನಿಂತೇಹೋಗುತ್ತೆ."

"ಬಿಸಿನೀರು!" ಎಂದು ಅವನು ಹಣೆ ಬಡಿದುಕೊಂಡ. ಹಣೆಗೆಲ್ಲ ಸಿಮೆಂಟು.

ಬಿಸಿನೀರಿನ ನಲ್ಲಿ ತಿರುಗಿಸಿ, ಕನ್ನಡಿ ಮಂಜಾಗುವವರೆಗೂ ಬಿಟ್ಟು, ನಿಲ್ಲಿಸಿದರು. ಮೂರು ಜನ ದೊಡ್ಡವರು ಬಚ್ಚಲಲ್ಲಿ ಉಸಿರು ಬಿಗಿಹಿಡಿದು ನಿಂತರು. ಏನೂ ಇಲ್ಲ. ಸೊಸೆ ಗಡಿಯಾರ ನೋಡಿಕೊಂಡಳು. ವಾರಗಟ್ಟಲೆ ಬೈದು ಶಪಿಸಿದ ಸದ್ದಿಗೆ ಅಜ್ಜಿ ಈಗ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದಳು: ಬಾರೋ ನನ್ನಪ್ಪಾ, ಬಾರೋ, ಒಂದೇ ಒಂದು ಏಟು ಹೊಡಿಯೋ.

ಟಿಕ್.

ಮೊದಲು ತಿರುಗಿದ್ದು ಮಗು. ಸೊಂಟದ ಮೇಲಿಂದಲೇ ಕತ್ತು ಚಾಚಿ ಗೋಡೆ ನೋಡಿತು. ಸೊಸೆ ಮಗುವನ್ನು ನೋಡಿದಳು, ಆಮೇಲೆ ಗೋಡೆಯನ್ನು. ರಿಪೇರಿಯವನು ಸ್ಕ್ರೂಡ್ರೈವರಿನ ತುದಿಯನ್ನು ಪೈಪಿಗೆ, ಹಿಡಿಯನ್ನು ಕಿವಿಗೆ ಇಟ್ಟು, ಗೋಡೆಯುದ್ದಕ್ಕೂ ಸರಿಯುತ್ತಾ ಹೋದ. ಬಿಸಿನೀರಿನ ಪೈಪು ಬಚ್ಚಲಿಂದ ಅಡುಗೆಮನೆಗೆ ನುಸುಳುವ ಕಿಂಡಿಯ ಹತ್ತಿರ ನಿಂತ.

"ಸಿಕ್ಕಿದ! ಕಾದಾಗ ಪೈಪು ಹಿಗ್ಗುತ್ತೆ, ಆರಿದಾಗ ಕುಗ್ಗುತ್ತೆ. ಇಲ್ಲಿ ಸಿಮೆಂಟು ಅದರ ಕತ್ತು ಹಿಡ್ಕೊಂಡಿದೆ, ಸಲೀಸಾಗಿ ಜಾರೋಕಾಗಲ್ಲ. ತಡೆದು ತಡೆದು ಟಿಕ್ ಅಂತ ಜರುಗುತ್ತೆ. ಆ ಭಾನುವಾರ ನೀವೆಲ್ಲ ಕೇಳ್ತಾ ಕೂತಷ್ಟು ಹೊತ್ತೂ ಬಿಸಿನೀರು ಬಿಡ್ತಾನೇ ಇದ್ರಂತಲ್ಲ, ಅದಕ್ಕೆ ಆರೋಕೆ ಪುರುಸೊತ್ತೆಲ್ಲಿ?"

ಅವನು ಕಿಂಡಿ ಅಗಲ ಮಾಡಿ, ಪೈಪಿಗೆ ದಪ್ಪ ಬಟ್ಟೆಪಟ್ಟಿ ಸುತ್ತಿ, ಮತ್ತೆ ಬಿಸಿನೀರು ಬಿಟ್ಟು ನಿಲ್ಲಿಸಿದ. ಕಾದರು. ಗೋಡೆ ಬಾಯಿ ಬಿಡಲಿಲ್ಲ.

ಅಜ್ಜಿ ಸೊಂಟಕ್ಕೆ ಕೈಕೊಟ್ಟು ಎದೆಯುಬ್ಬಿಸಿದಳು. "ನೋಡಿದ್ಯೇನೇ ನನ್ನ ಕಿವೀನಾ? ಹಾಕು ಆ ಶಿಶುವಿಹಾರಕ್ಕೆ ಬೀಗ!"

ಸೊಸೆ ರಿಪೇರಿಯವನನ್ನು ಕಳಿಸಿ ಬಂದಳು. ಆಮೇಲೆ ಮೆಲ್ಲಗೆ ಹೇಳಿದಳು: "ಕಿವಿ ಸರಿಯಾಗಿದೆ ಅತ್ತೆ, ತಪ್ಪಾಯ್ತು, ಒಪ್ಕೊಂಡೆ. ಆದ್ರೆ ಹೋದ ತಿಂಗಳು ಮಗು ಮೈ ಕೆಂಡದ ಹಾಗೆ ಸುಡ್ತಿದೆ ಅಂತ ಫೋನ್ ಮಾಡಿದ್ರಿ. ಗಿರಾಕಿ ಕನ್ನಡಕಕ್ಕೆ ಒಂದೇ ಗಾಜು ಹಾಕಿ, ಇನ್ನೊಂದನ್ನ ಅಲ್ಲೇ ಬಿಟ್ಟು ಓಡಿಬಂದೆ. ನೋಡಿದ್ರೆ ಇವಳು ಆರಾಮಾಗಿ ಚಮಚ ಚೀಪ್ತಾ ಕೂತಿದ್ದಾಳೆ, ಮೈ ತಣ್ಣಗಿದೆ. ಮುಂದೆ ನಿಜವಾಗ್ಲೂ ಸುಟ್ರೆ ನನಗೆ ಹೇಗೆ ಗೊತ್ತಾಗ್ಬೇಕು?"

ಅಜ್ಜಿ ಸೊಂಟಕ್ಕೆ ಕೊಟ್ಟಿದ್ದ ಕೈ ಇಳಿಸಿದಳು.

"ಸೋಮವಾರ ಒಂದು ದಿನ ನೋಡೋಣ," ಎಂದಳು ಸೊಸೆ. "ಶಿಶುವಿಹಾರದವರಿಗೆ ಮಂಗಳವಾರ ಹೇಳ್ತೀನಿ ಅಂತೀನಿ."

ಸೋಮವಾರ ಸಂಜೆ ಸೊಸೆ ಬಂದು ಮಗುವನ್ನೆತ್ತಿಕೊಂಡಳು. "ಹೇಗಿದ್ಲು?"

"ಅರ್ಧ ಬಾಳೆಹಣ್ಣು ತಿಂದ್ಲು. ಉಳಿದರ್ಧ ನನ್ನ ಸೀರೆ ಮೇಲಿದೆ, ನೋಡು. ಹಾಲು ಕುಡಿದ್ಲು..." ಮನಸ್ಸು ಒಂದು ಕೊಡ ಎಂದಿತು. "ಒಂದು ಲೋಟ. ಲೋಟದ ತುಂಬಾ ಅಲ್ಲ. ಮಲಗಿದ್ಲು. ಆಮೇಲೆ..."

"ಆಮೇಲೆ?"

ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೇಳಿದರೆ ನಾಳೆಯಿಂದ ಈ ಮನೆಯಲ್ಲಿ ಅಜ್ಜಿ ಒಬ್ಬಳೇ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಬಿದ್ಲು. ಹಾಸಿಗೆ ಮೇಲಿಂದ ಚಾಪೆ ಮೇಲಕ್ಕೆ. ನಾನು ಹಾಲಿನ ಲೋಟ ಇಡೋಕೆ ತಿರುಗಿದ್ದೆ. ನನ್ನದೇ ತಪ್ಪು. ಹಣೆ ಹತ್ರ ಕಡ್ಲೆಕಾಳಷ್ಟು ಕೆಂಪಗಿತ್ತು, ಈಗ ಇಲ್ಲ. ಅವಳು ಅಳಲಿಲ್ಲ. ಅತ್ತಿದ್ದು ನಾನು."

ಸೊಸೆ ಮಗುವಿನ ಹಣೆಯ ಮೇಲಿನ ಕೂದಲು ಸರಿಸಿ, ಬೆಳಕಿಗೆ ಹಿಡಿದು ನೋಡಿದಳು. ತಲೆಯನ್ನೆಲ್ಲ ಬೆರಳಿಂದ ಸವರಿ ನೋಡಿದಳು. ಮಗು ಅವಳ ಮೂಗು ಹಿಡಿದೆಳೆಯಿತು.

"ತುಂಬಾ ಅತ್ರಾ?"

ಹೊಳೆ ಹರಿಸಿದೆ ಅನ್ನಬೇಕೆಂದು ಅಜ್ಜಿಯ ನಾಲಿಗೆ ತುರಿಸಿತು. "ಸ್ವಲ್ಪ," ಎಂದಳು.

ಸೊಸೆ ಮಗುವನ್ನು ಅಜ್ಜಿಯ ಮಡಿಲಿಗೆ ಹಾಕಿದಳು. "ಹಿಡ್ಕೊಳ್ಳಿ, ಮುಖ ತೊಳ್ಕೊಂಡು ಬರ್ತೀನಿ. ನಾಳೆ ಅಂಗಡಿಗೆ ಸ್ವಲ್ಪ ಬೇಗ ಹೋಗ್ಬೇಕು, ನೀವೂ ಬೇಗ ಏಳ್ಬೇಕಾಗುತ್ತೆ ಅತ್ತೆ."